ನೂರು ಸಿಸಿ ಬೈಕ್

ಸುಮಾರು 100 ಸಿಸಿ ಸಾಮರ್ಥ್ಯದ ಒಂಟಿ ಸಿಲಿಂಡರ್ ಎಂಜಿನ್ ಇರುವ, ದಿನಬಳಕೆಯ ಮೋಟಾರ್ ಸೈಕಲ್. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಂಥ ಊರುಗಳಲ್ಲಿ ತೋಟ, ಡೇರಿ, ಸಂತೆ, ತಾಲ್ಲೂಕು ಕಚೇರಿಗಳ ಓಡಾಟಕ್ಕೆ ಜನ ನೆಚ್ಚಿಕೊಂಡಿರುವುದು ಬಹುಮಟ್ಟಿಗೆ ಈ ವರ್ಗದ ಗಾಡಿಯನ್ನೇ.

ಚರಿತ್ರೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಮುಖ್ಯವಾಗಿ 250 ಸಿಸಿಯ ಟೂ-ಸ್ಟ್ರೋಕ್ ಗಾಡಿಗಳು. ಇಬ್ಬರು ಕೂರಬಹುದಾದ ಅಗ್ಗದ ಮೊಪೆಡ್ ಟಿವಿಎಸ್ 50 ಹೊಸೂರಿನಿಂದ ಬಂದದ್ದು 1980ರಲ್ಲಿ. ಇವೆರಡರ ನಡುವಿನ ನೂರು ಸಿಸಿ ವರ್ಗದಲ್ಲಿ 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಯಮಹಾ ಆರ್‌ಎಕ್ಸ್ 100 ಮತ್ತು ಹೀರೋ ಹೋಂಡಾ ಸಿಡಿ 100 ಮಾರುಕಟ್ಟೆಗೆ ಬಂದವು. ಮೊದಲೆರಡೂ ಟೂ-ಸ್ಟ್ರೋಕ್, ಪಿಕಪ್ ಚೆನ್ನಾಗಿದ್ದರೂ ಪೆಟ್ರೋಲಿನ ಒಂದಷ್ಟು ಭಾಗ ಉರಿಯದೆ ಹೊಗೆಯ ಜೊತೆ ಹೊರಹೋಗುತ್ತಿತ್ತು. ಫೋರ್-ಸ್ಟ್ರೋಕ್ ಸಿಡಿ 100 ಮೈಲೇಜಿನಿಂದ ಗೆದ್ದಿತು. ಅದೇ ಹಾದಿಯಲ್ಲಿ 1994ರಲ್ಲಿ ಹೀರೋ ಹೋಂಡಾದ ಸ್ಪ್ಲೆಂಡರ್ ಬಂತು.

ರಚನೆ

ಸ್ಪ್ಲೆಂಡರ್ ಎಂಜಿನ್ನಿನ ಸಿಲಿಂಡರ್ ವ್ಯಾಸ 50 ಮಿ.ಮೀ., ಪಿಸ್ಟನ್ ಚಲಿಸುವ ದೂರ 49.5 ಮಿ.ಮೀ.; ಒಟ್ಟು 97.2 ಸಿಸಿ. ಶಕ್ತಿ ಸುಮಾರು 8 ಅಶ್ವಶಕ್ತಿ, ಗೇರು ನಾಲ್ಕು. ಗಾಡಿ ಹಗುರ, ಎಂಜಿನ್ ಗಾಳಿಯಿಂದಲೇ ತಣಿಯುವಂಥದ್ದು, ಬಿಡಿಭಾಗಗಳು ಸಣ್ಣ ಪೇಟೆಯಲ್ಲೂ ಸಿಗುತ್ತವೆ. ಹೆದ್ದಾರಿಯ ವೇಗಕ್ಕೆ ಇದು ಹೇಳಿಮಾಡಿಸಿದ್ದಲ್ಲ.

ಕೊಳ್ಳುವಿಕೆ

ಶೋರೂಂ ಬೆಲೆಗೆ ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ ಸೇರಿದರೆ ಆನ್‌ರೋಡ್ ಬೆಲೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಚಿಕ್ಕಮಗಳೂರಿನ ನೋಂದಣಿ ಸಂಕೇತ ಕೆಎ-18, ತರೀಕೆರೆಯದು ಕೆಎ-66. 50 ಸಿಸಿ ಮೀರಿದ ಗಾಡಿ ಓಡಿಸಲು 18 ವರ್ಷ ತುಂಬಿರಬೇಕು. ಸಾಲ ಮಾಡಿ ಕೊಳ್ಳುವವರು ತಿಂಗಳ ಕಂತನ್ನಷ್ಟೇ ನೋಡದೆ ಬಡ್ಡಿ ಸೇರಿ ಕೈಬಿಟ್ಟು ಹೋಗುವ ಒಟ್ಟು ಹಣವನ್ನು ಲೆಕ್ಕಹಾಕಬೇಕು.

ಸವಾರಿ, ನಿರ್ವಹಣೆ

ಹಿಂದೆ ಒಬ್ಬರು ಕೂತು, ಮೇಲೊಂದು ಮೂಟೆಯೂ ಇದ್ದರೆ ಏರಿನಲ್ಲಿ ಮೊದಲೇ ಗೇರ್ ಇಳಿಸಬೇಕು. ಕ್ಲಚ್ ಅರ್ಧ ಹಿಡಿದು ಎಳೆಸಿದರೆ ಕ್ಲಚ್ ಪ್ಲೇಟ್ ಸವೆಯುತ್ತದೆ. ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆಗೆ ಹರಡಿದ ರಾಗಿ ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವುದೂ ಉಂಟು. ಕೆಸರಿನಲ್ಲಿ ಓಡಿದ ಮೇಲೆ ಚೈನ್ ತೊಳೆದು ಎಣ್ಣೆ ಬಿಡಬೇಕು. ಎಂಜಿನ್ನಿನಲ್ಲಿರುವುದು ಒಂದು ಲೀಟರಿನಷ್ಟು ಆಯಿಲ್ ಮಾತ್ರ. ಅದು ತಗ್ಗಿದರೂ ಕೆಟ್ಟರೂ ಪಿಸ್ಟನ್ನಿಗೆ ಬೇಗ ಪೆಟ್ಟು. ಸವಾರನಿಗೂ ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ.

ಹಳೆಯ ಗಾಡಿ

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಗೆ ತಾಳೆ ನೋಡಬೇಕು. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಫಾರಂ 35 ಮೂಲಕ ಅದನ್ನು ತೆಗೆಸಬೇಕು. ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ಹಣ ಪಡೆದು ಗಾಡಿ ಒಪ್ಪಿಸಿದ ಮಾತ್ರಕ್ಕೆ ಮಾರಿದವರ ಹೊಣೆ ಮುಗಿಯದು: ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ.