ಮನೆಯಂಗಳದ ಮುಳ್ಳುಕಳೆಗಳ ನಿರ್ಮೂಲನೆ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಮನೆಯ ಮುಂದಿನ ಹುಲ್ಲುಹಾಸು, ಹಿತ್ತಲು ಹಾಗೂ ಖಾಲಿ ನಿವೇಶನಗಳಲ್ಲಿ ಬೆಳೆಯುವ ಮುಳ್ಳುಕಳೆಗಳನ್ನು ಗುರುತಿಸುವ ಮತ್ತು ತೆಗೆಯುವ ವಿಧಾನಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ. ಕಳೆಯನ್ನು ಯಾವ ಸಾಧನದಿಂದ ಕೀಳಲಾಯಿತು ಎಂಬುದಕ್ಕಿಂತ ಯಾವಾಗ ಕೀಳಲಾಯಿತು ಎಂಬುದೇ ಮುಖ್ಯವೆಂಬುದನ್ನು ನಾಗರಿಕರು ಗಮನಿಸತಕ್ಕದ್ದು.

ನೆಗ್ಗಿಲು ಮುಳ್ಳು

ಕಡೂರು ತಾಲ್ಲೂಕಿನ ಬಯಲುಸೀಮೆಯಲ್ಲಿ ಮತ್ತು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದ ಒಣಭಾಗದಲ್ಲಿ ಹೆಚ್ಚು ಉಪದ್ರವ ಕೊಡುವುದು ನೆಗ್ಗಿಲು. ಇದು ನೆಲಕ್ಕೆ ಅಂಟಿಕೊಂಡು ಸುತ್ತಲೂ ಬಳ್ಳಿಯಂತೆ ಹರಡುತ್ತದೆ. ಎಲೆಗಳು ಹುಣಸೆ ಎಲೆಯನ್ನು ಹೋಲುತ್ತವೆ. ಹೂವು ಹಳದಿ, ಐದು ಎಸಳಿನದು. ಕಾಯಿ ಬಲಿತ ಮೇಲೆ ಐದು ಹೋಳಾಗಿ ಒಡೆಯುತ್ತದೆ. ಒಂದೊಂದು ಹೋಳಿನಲ್ಲಿಯೂ ಗಟ್ಟಿ ಮುಳ್ಳುಗಳಿದ್ದು, ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಬರಿಗಾಲಿನ ಮಕ್ಕಳಿಗೂ ಸೈಕಲ್ ಟ್ಯೂಬಿಗೂ ಇದು ಚುಚ್ಚುವುದು ಈ ಕಾರಣದಿಂದಲೇ. ಚಪ್ಪಲಿ, ಚಕ್ರ ಮತ್ತು ದನಕುರಿಗಳ ಗೊರಸಿಗೆ ಸಿಕ್ಕಿಕೊಂಡು ಬೀಜವು ಬೇರೆ ಕಡೆಗೆ ಸಾಗುತ್ತದೆ. ಆದ್ದರಿಂದ ಅಮೃತಮಹಲ್ ಕಾವಲುಗಳ ಅಂಚಿನ ಊರುಗಳಲ್ಲಿ ಮೇವಿನಿಂದ ಮರಳುವ ಮಂದೆಯ ದಾರಿಗೆ ಹೊಂದಿದ ಅಂಗಳಗಳನ್ನು ಮೊದಲು ಪರಿಶೀಲಿಸುವುದು ಒಳ್ಳೆಯದು.

ಮಳೆ ಬಿದ್ದ ಕೂಡಲೇ ಮೊಳೆಯುವ ಈ ಗಿಡ ಸುಮಾರು ಐದಾರು ವಾರಗಳಲ್ಲಿ ಕಾಯಿ ಬಿಡುತ್ತದೆ. ಮಣ್ಣಿಗೆ ಸೇರಿದ ಬೀಜ ಹಲವು ವರ್ಷ ಜೀವಂತವಾಗಿರುತ್ತದೆ. ಹೀಗಾಗಿ ಏಪ್ರಿಲ್–ಮೇ ತಿಂಗಳ ಮಳೆಯ ನಂತರ ಒಮ್ಮೆ, ಮುಂಗಾರಿನ ನಡುವೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆಯ ನಂತರ ಮತ್ತೊಮ್ಮೆ ಅಂಗಳವನ್ನು ನೋಡಿ, ಹಳದಿ ಹೂವು ಕಂಡ ಗಿಡವನ್ನು ಅದೇ ವಾರ ಕೀಳಬೇಕು. ಮಣ್ಣು ಹಸಿಯಾಗಿರುವಾಗ ನಡುಬುಡಕ್ಕೆ ಸಣ್ಣ ಗುದ್ದಲಿ ಹಾಕಿ ತಾಯಿಬೇರು ಸಹಿತ ಎತ್ತಿದರೆ ಇಡೀ ಬಳ್ಳಿ ಬರುತ್ತದೆ. ಹುಲ್ಲು ಕತ್ತರಿಸುವ ಯಂತ್ರದಿಂದ ಪ್ರಯೋಜನವಿಲ್ಲ. ಗಿಡ ಅದರ ಅಲಗಿಗಿಂತ ಕೆಳಗೇ ಉಳಿಯುತ್ತದೆ.

ಕಾಯಿ ಉದುರಿಹೋಗಿದ್ದಲ್ಲಿ ಹಳೆಯ ಗೋಣಿತಟ್ಟನ್ನು ನೆನೆಸಿ, ಮೇಲೆ ಭಾರವಿಟ್ಟು ಅಂಗಳದುದ್ದಕ್ಕೂ ಎಳೆಯಬೇಕು. ಮುಳ್ಳುಗಳು ತಟ್ಟಿಗೆ ಕಚ್ಚಿಕೊಳ್ಳುತ್ತವೆ. ಅಗ್ಗದ ಉಪಾಯವಾದರೂ ಬಹಳ ಉಪಯುಕ್ತ. ಕಿತ್ತ ಗಿಡವನ್ನು ತಿಪ್ಪೆಗೆ ಹಾಕಬಾರದು, ಕುರಿಗಳಿಗೂ ಹಾಕಬಾರದು. ನೆಗ್ಗಿಲು ಮೇಯ್ದ ಕುರಿಗಳಲ್ಲಿ ಯಕೃತ್ತು ಕೆಟ್ಟು, ಬಿಸಿಲಿಗೆ ಮುಖ ಮತ್ತು ಕಿವಿ ಊದಿಕೊಳ್ಳುವ ರೋಗವು ದಕ್ಷಿಣ ಆಫ್ರಿಕಾದಲ್ಲಿ ಬಹುಕಾಲದಿಂದ ದಾಖಲಾಗಿದೆ. ಅಮೆರಿಕದಲ್ಲಿ 1961ರಲ್ಲಿ ಈ ಕಳೆಯ ಕಾಯಿಯನ್ನು ತಿನ್ನುವ ಮೂತಿಹುಳುವನ್ನು ಇಟಲಿಯಿಂದ ತರಿಸಿ ಬಿಡಲಾಯಿತು. ಒಂದು ಅಂಗಳದ ಮಟ್ಟಿಗೆ ಕೈಕೆಲಸವೇ ಸಾಕು. ಆಯುರ್ವೇದದಲ್ಲಿ ಗೋಕ್ಷುರವೆಂದು ಬಳಸುವುದು ಇದರ ಕಾಯಿಯನ್ನೇ. ಆದರೆ ಔಷಧಿಗೆಂದು ಅಂಗಳದಲ್ಲಿ ಬಲಿಯಲು ಬಿಡುವುದು ಸಲ್ಲದು.

ಇತರ ಮುಳ್ಳುಕಳೆಗಳು

ತರೀಕೆರೆ ತಾಲ್ಲೂಕಿನಲ್ಲಿ ಲಕ್ಕವಳ್ಳಿಯ ಕಡೆ, ತೇವ ಹೆಚ್ಚಿರುವಲ್ಲಿ, ನಾಚಿಕೆಮುಳ್ಳು ಸಾಮಾನ್ಯ. ಬುಡ ಉಳಿದರೆ ಮತ್ತೆ ಚಿಗುರುವುದರಿಂದ ಕೈಗವಸು ಧರಿಸಿ ಬೇರುಸಹಿತ ಅಗೆಯಬೇಕು. ಮುಳ್ಳುಹರಿವೆ ಬರುವುದು ಹೆಚ್ಚಾಗಿ ಸರಿಯಾಗಿ ಕಳಿಯದ ಕೊಟ್ಟಿಗೆಗೊಬ್ಬರದ ಜೊತೆಗೆ. ಹುಲ್ಲುಹಾಸಿಗೆ ಪೂರ್ತಿ ಕಳಿತ ಗೊಬ್ಬರವನ್ನು ಮಾತ್ರ ಹಾಕತಕ್ಕದ್ದು.

ಹಳದಿ ಹೂವಿನ, ಮುಳ್ಳೆಲೆಯ ದತ್ತೂರಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಇದರ ಬೀಜ ಸಾಸಿವೆಯಂತೆಯೇ ಕಾಣುತ್ತದೆ. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆಯೆಣ್ಣೆ ಸೇವಿಸಿದ ಅನೇಕರು ಮೈ ಊದಿಕೊಂಡು ಮೃತಪಟ್ಟರು. ಹಿತ್ತಲಿನಲ್ಲಿ ಸಾಸಿವೆ ಬೆಳೆಯುವವರು ಹೂ ಬಿಡುವ ಮೊದಲೇ ಇದನ್ನು ಕಿತ್ತುಹಾಕಬೇಕು.

ಕಳೆನಾಶಕಗಳ ಬಗ್ಗೆ

ಮನೆಯಂಗಳದಲ್ಲಿ ಕಳೆನಾಶಕ ಸಿಂಪಡಿಸದಿರುವುದೇ ಲೇಸು. ಅದು ಬಲಿತ ಬೀಜವನ್ನು ಕೊಲ್ಲುವುದಿಲ್ಲ; ಗಾಳಿಗೆ ತೂರಿದ ಹನಿ ಪಕ್ಕದ ಮನೆಯ ಟೊಮೆಟೊ, ಬದನೆ ಗಿಡಗಳನ್ನು ಸುಡುತ್ತದೆ. ಗ್ಲೈಫೋಸೇಟ್ ಹುಲ್ಲನ್ನೂ ಸಾಯಿಸುತ್ತದೆ. ಅದನ್ನು ಅಧಿಕೃತ ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಉಪ್ಪು ಸುರಿಯುವ ರೂಢಿಯಿಂದ ಮಣ್ಣೇ ಕೆಡುತ್ತದೆ. ಕಳೆ ತೆಗೆದ ಬರಿಜಾಗದಲ್ಲಿ ಗರಿಕೆ ನಾಟಿ ಮಾಡಿ ದಟ್ಟವಾಗಿ ಬೆಳೆಸಿದರೆ ನೆಗ್ಗಿಲಿಗೆ ಮೊಳೆಯಲು ಎಡೆ ಸಿಗುವುದಿಲ್ಲ.

ಮುಳ್ಳು ಆಳವಾಗಿ ಚುಚ್ಚಿದಲ್ಲಿ ಗಾಯವನ್ನು ಸೋಪು ನೀರಿನಿಂದ ತೊಳೆದು, ಧನುರ್ವಾಯು ಲಸಿಕೆಯ ಬಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು.

ಸಲಹೆ ಮತ್ತು ಮನವಿ

ಗಿಡ ಯಾವುದೆಂದು ತಿಳಿಯದಿದ್ದಲ್ಲಿ ಹೂವು ಅಥವಾ ಕಾಯಿ ಇರುವ ಒಂದು ರೆಂಬೆಯನ್ನು ಕಾಗದದಲ್ಲಿ ಸುತ್ತಿ ಸಂಬಂಧಿಸಿದ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಬಹುದು. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳಿಂದಲೂ ಸಲಹೆ ಪಡೆಯಬಹುದು. ಕಳೆಯು ನೆರೆಯ ಖಾಲಿ ನಿವೇಶನ, ರಸ್ತೆಬದಿ ಅಥವಾ ಶಾಲಾ ಮೈದಾನದಿಂದ ಹರಡುತ್ತಿದ್ದಲ್ಲಿ, ಪಟ್ಟಣದವರು ಸ್ಥಳೀಯ ಪುರಾಡಳಿತ ಸಂಸ್ಥೆಗೆ, ಗ್ರಾಮಸ್ಥರು ಗ್ರಾಮ ಪಂಚಾಯಿತಿಗೆ ಲಿಖಿತ ಮನವಿ ಸಲ್ಲಿಸುವುದು. ಮನವಿಯಲ್ಲಿ ಸ್ಥಳದ ಗುರುತು, ವಾರ್ಡ್ ಅಥವಾ ಬೀದಿಯ ಹೆಸರು ಮತ್ತು ಕಳೆ ಹೂ ಬಿಟ್ಟಿದೆಯೇ, ಕಾಯಿ ಕಟ್ಟಿದೆಯೇ ಎಂಬುದನ್ನು ನಮೂದಿಸಿ, ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.