ಕೃಷ್ಣ ಭಾಂಜಿ ಎಂಬ ಬೆನ್ ಕಿಂಗ್‌ಸ್ಲಿ

1982ರ ‘ಗಾಂಧಿ’ ಚಿತ್ರದಲ್ಲಿ ಗಾಂಧೀಜಿಯಾಗಿ ನಟಿಸಿದ ಬೆನ್ ಕಿಂಗ್‌ಸ್ಲಿಯವರ ಹುಟ್ಟುಹೆಸರು ಕೃಷ್ಣ ಪಂಡಿತ್ ಭಾಂಜಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1943ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಜನಿಸಿದರು. ವೈದ್ಯರಾಗಿದ್ದ ತಂದೆ ರಹಿಮತುಲ್ಲಾ ಗುಜರಾತಿ ಖೋಜಾ ಮುಸ್ಲಿಮ್ ಮನೆತನದವರು. ತಾಯಿ ಆಂಗ್ಲ ಮಹಿಳೆ. ಭಾರತೀಯ ಹೆಸರಿದ್ದರೆ ಪಾತ್ರಗಳು ಸಿಗಲಾರವೆಂದು ಅಂಜಿ ಅವರು ಹೆಸರು ಬದಲಿಸಿಕೊಂಡರು. ಆದರೂ ‘ಕಿಂಗ್‌ಸ್ಲಿ’ ಎಂಬುದರಲ್ಲಿ ಲವಂಗದ ವ್ಯಾಪಾರಿಯಾಗಿದ್ದ ಅಜ್ಜನ ಅಡ್ಡಹೆಸರಿನ ನೆರಳಿದೆ.

1967ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪೆನಿ ಸೇರಿ, 1975ರಲ್ಲಿ ಹ್ಯಾಮ್ಲೆಟ್ ಪಾತ್ರ ವಹಿಸಿದರು. ‘ಗಾಂಧಿ’ ತೆರೆಗೆ ಬರುವ ಹೊತ್ತಿಗೆ 15 ವರ್ಷಗಳ ದುಡಿಮೆ ಹಿಂದಿತ್ತು. ಕೀರ್ತಿ ಒಂದೇ ದಿನದಲ್ಲಿ ಬಂದದ್ದಲ್ಲ. ವಿಚಿತ್ರವೆಂದರೆ, ಭಾರತೀಯ ಹೆಸರನ್ನು ಬಿಟ್ಟ ನಟನಿಗೆ 1983ರಲ್ಲಿ ಆಸ್ಕರ್ ತಂದುಕೊಟ್ಟದ್ದು ಭಾರತೀಯ ಪಾತ್ರವೇ! 2002ರಲ್ಲಿ ‘ಸರ್’ ಪದವಿ ಸಂದದ್ದು ಮಾತ್ರ ಹೊಸ ಹೆಸರಿಗೆ.