ಹಾಡಬೇಡ ಎಂದರು ಡಾಕ್ಟರು: ಸುಳೇಭಾವಿಯ ಹುಡುಗ ದೇವಾಸ್‌ನಲ್ಲಿ ಮತ್ತೆ ಹಾಡಿದ ಕಥೆ

ಬೆಳಗಾವಿಯಿಂದ ಮಿರಜ್ ಕಡೆ ಹೋಗುವ ರೈಲು ಹಾದಿಯಲ್ಲಿ ಸುಳೇಭಾವಿ ಅನ್ನೋ ಊರು ಸಿಗುತ್ತದೆ. 1924ರ ಏಪ್ರಿಲ್ 8ರಂದು ಅಲ್ಲಿ ಒಂದು ಲಿಂಗಾಯತ ಮನೆತನದಲ್ಲಿ ಗಂಡು ಮಗು ಹುಟ್ಟಿತು. ಮನೆಯವರು ಇಟ್ಟ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಮುಂದೆ ದೇಶವೆಲ್ಲ ಇವರನ್ನು ಕುಮಾರ ಗಂಧರ್ವ ಎಂದು ಕರೆಯಿತು.

ಇವರು ಕ್ಷಯ ರೋಗದಿಂದ ಹಾಸಿಗೆ ಹಿಡಿದರು, ಹಾಡುವುದನ್ನೇ ಬಿಡಬೇಕಾಯಿತು, ವರ್ಷಗಳ ನಂತರ ಒಂದೇ ಶ್ವಾಸಕೋಶದ ಬಲದಲ್ಲಿ ಮತ್ತೆ ಹಾಡಿದರು. ಇಷ್ಟು ಕಥೆ ಸಂಗೀತ ಕೇಳುವವರಿಗೆಲ್ಲ ಗೊತ್ತು. ಆದರೆ ಹೇಳುವಾಗ ಎಲ್ಲರೂ ಅದನ್ನು ಒಬ್ಬ ಗಟ್ಟಿ ಮನುಷ್ಯನ ಛಲದ ಕಥೆ ಮಾಡಿಬಿಡುತ್ತಾರೆ. ಛಲ ಇತ್ತು, ಇಲ್ಲ ಅನ್ನುವುದಿಲ್ಲ. ಅದರ ಜೊತೆಗೆ ಇನ್ನೂ ಇಬ್ಬರ ಋಣ ಇದರಲ್ಲಿದೆ. ಒಂದು, ದುಡಿದು ಮನೆ ನಡೆಸಿದ ಹೆಂಡತಿಯದು. ಇನ್ನೊಂದು, ಹೆಸರೇ ಗೊತ್ತಿಲ್ಲದ ಹಳ್ಳಿ ಹೆಂಗಸರದು. ನಾವು ಇಲ್ಲಿ ಹೇಳಹೊರಟಿರುವುದು ಈ ಋಣದ ಲೆಕ್ಕ.

ಗ್ರಾಮಾಫೋನ್ ಕೇಳಿ ಹಾಡಿದ ಹುಡುಗ

ತಂದೆ ಸಿದ್ಧರಾಮಯ್ಯನವರೂ ಹಾಡುವವರೇ. ಮಗ ಚಿಕ್ಕವನಿದ್ದಾಗಲೇ ದೊಡ್ಡ ದೊಡ್ಡ ಗಾಯಕರ ಗ್ರಾಮಾಫೋನ್ ಪ್ಲೇಟು ಕೇಳಿ ಅವರಂತೆಯೇ ಹಾಡಿಬಿಡುತ್ತಿದ್ದ. ಏಳೆಂಟು ವರ್ಷದ ಹುಡುಗನ ಹಾಡು ಕೇಳಿ ಸ್ವಾಮೀಜಿಯೊಬ್ಬರು 'ಕುಮಾರ ಗಂಧರ್ವ' ಎಂದು ಬಿರುದು ಕೊಟ್ಟರು. ಬಿರುದೇ ಹೆಸರಾಗಿ ನಿಂತಿತು.

ಮುಂದೆ ಮುಂಬಯಿಯಲ್ಲಿ ಪ್ರೊ. ಬಿ.ಆರ್. ದೇವಧರ್ ಅವರ ಸಂಗೀತ ಶಾಲೆಗೆ ಸೇರಿಸಿದರು. ಆಗ ವಯಸ್ಸು ಹನ್ನೊಂದು, ಹನ್ನೆರಡು. ದೇವಧರ್ ಮಾಸ್ತರು ಒಂದೇ ಘರಾಣೆಗೆ ಗಂಟುಬಿದ್ದವರಲ್ಲ. ಘರಾಣೆ ಅಂದರೆ ಗುರುವಿನಿಂದ ಶಿಷ್ಯನಿಗೆ ಸಾಗಿಬರುವ ಹಾಡುಗಾರಿಕೆಯ ಮನೆತನ. ಎಲ್ಲ ಮನೆತನಗಳ ಒಳ್ಳೆಯದನ್ನು ಕೇಳು, ಕಲಿ, ಕೊನೆಗೆ ನಿನ್ನ ದಾರಿ ನೀನೇ ಹುಡುಕಿಕೋ ಅನ್ನುವುದು ಅವರ ರೀತಿ. ಇಪ್ಪತ್ತು ತುಂಬುವ ಹೊತ್ತಿಗೆ ಕುಮಾರರು ದೇಶದ ದೊಡ್ಡ ಸಂಗೀತ ಸಮ್ಮೇಳನಗಳಿಗೆ ಹೋಗಿ ಹಾಡುತ್ತಿದ್ದರು.

ಅದೇ ಶಾಲೆಯಲ್ಲಿ ಭಾನುಮತಿ ಕಂಸ್ ಎಂಬ ತರುಣಿಯೂ ಹಾಡು ಕಲಿಯುತ್ತಿದ್ದರು. ಕರಾಚಿಯ ಕಡೆಯಿಂದ ಬಂದವರು. 1947ರಲ್ಲಿ ಇಬ್ಬರ ಮದುವೆಯಾಯಿತು. ಅದಾದ ಸ್ವಲ್ಪ ದಿನಕ್ಕೇ ಕುಮಾರರಿಗೆ ಕ್ಷಯ ಇದೆ ಎಂದು ಗೊತ್ತಾಯಿತು. ಆಗ ಅವರಿಗೆ ಇಪ್ಪತ್ಮೂರು ವರ್ಷ.

ಔಷಧಿ ಇಲ್ಲದ ಕಾಲ

ಇವತ್ತು ಟಿ.ಬಿ. ಅಂದರೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಗುಳಿಗೆ ಸಿಗುತ್ತದೆ. ತಪ್ಪದೆ ತೆಗೆದುಕೊಂಡರೆ ಹೆಚ್ಚಿನವರು ಗುಣವಾಗುತ್ತಾರೆ. 1947ರ ಮಾತು ಹಾಗಿರಲಿಲ್ಲ. ಒಣ ಹವೆ ಇರುವ ಊರಿಗೆ ಹೋಗು, ಮಲಗಿರು, ಹಾಲು ಮೊಟ್ಟೆ ತಿನ್ನು ಎಂದು ಡಾಕ್ಟರು ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಅವರ ಕೈಯಲ್ಲೂ ಇರಲಿಲ್ಲ. ಕ್ಷಯ ಬಂದವರ ಮನೆ ಕಡೆ ಜನ ಸುಳಿಯಲೂ ಹೆದರುತ್ತಿದ್ದರು.

ಕುಮಾರರಿಗೆ ಡಾಕ್ಟರು ಇನ್ನೊಂದು ಕಟ್ಟಪ್ಪಣೆ ಮಾಡಿದರು: ಹಾಡಬಾರದು, ಹಾಡಿದರೆ ಜೀವಕ್ಕೇ ಅಪಾಯ.

ರೈತನಿಗೆ ಹೊಲಕ್ಕೆ ಕಾಲಿಡಬೇಡ ಎಂದಂತೆ ಇದು. ಏಳು ವರ್ಷದಿಂದ ಹಾಡಿಕೊಂಡೇ ಬೆಳೆದವರಿಗೆ ಹಾಡೇ ಹೊಟ್ಟೆಪಾಡು, ಹಾಡೇ ಗುರುತು. ಸಂಪಾದನೆ ನಿಂತಿತು, ಊರೂರಿನ ಕರೆ ನಿಂತವು.

ಅವರು ಹೋದದ್ದು ಮಧ್ಯಭಾರತದ ಮಾಳವ ಸೀಮೆಗೆ, ಇಂದೋರ್ ಹತ್ತಿರದ ದೇವಾಸ್ ಎಂಬ ಊರಿಗೆ. ಕಪ್ಪು ಮಣ್ಣಿನ ಸೀಮೆ, ಹವೆ ಒಣದು. ಊರ ನಡುವೆ ಗುಡ್ಡ, ಗುಡ್ಡದ ಮೇಲೆ ದೇವಿಯ ಗುಡಿ. ಅಲ್ಲಿನವರು ಅದನ್ನು ಟೇಕರಿ ಅನ್ನುತ್ತಾರೆ. ದಂಪತಿ ದೇವಾಸ್ ಮುಟ್ಟಿದ್ದು 1948ರ ಜನವರಿ 30ರಂದು, ಗಾಂಧೀಜಿ ಹತ್ಯೆಯಾದ ದಿನವೇ.

ದುಡಿದವರು ಭಾನುಮತಿ

ಮುಂದಿನ ಐದಾರು ವರ್ಷ ಕುಮಾರರು ಬಹುಪಾಲು ಹಾಸಿಗೆಯಲ್ಲೇ ಕಳೆದರು. ಭಾನುಮತಿ ಶಾಲೆಯಲ್ಲಿ ಶಿಕ್ಷಕಿಯಾಗಿ ದುಡಿದು ಮನೆ ನಡೆಸಿದರು. ಶಾಲೆ ಮುಗಿಸಿ ಬಂದು ಗಂಡನ ಪಥ್ಯ, ಔಷಧಿ, ಆರೈಕೆ. ಅಂಟುರೋಗ ಎಂದು ಗೊತ್ತಿದ್ದೂ ದೂರ ಸರಿಯಲಿಲ್ಲ.

ಒಂದು ಮಾತು ಇಲ್ಲಿ ನೆನಪಿಡಬೇಕು. ಭಾನುಮತಿಯೂ ಹಾಡು ಕಲಿತವರು. ಅದೇ ಗುರುವಿನ ಶಿಷ್ಯೆ. ಗಂಡ ಹಾಡು ನಿಲ್ಲಿಸಿದ್ದು ಇತಿಹಾಸದ ಪುಸ್ತಕಗಳಲ್ಲಿ ಇದೆ. ಆ ವರ್ಷಗಳಲ್ಲಿ ಹೆಂಡತಿಯ ಹಾಡು ಏನಾಯಿತು ಎಂದು ಕೇಳಿದವರು ಕಡಿಮೆ. ನಮ್ಮ ಊರುಗಳಲ್ಲೂ ಹೀಗೇ ಅಲ್ಲವೇ? ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ಬದುಕೂ ಅಲ್ಲೇ ನಿಲ್ಲುತ್ತದೆ. ಗುಣವಾದವರನ್ನು ಊರೇ ಬಂದು ಮಾತಾಡಿಸುತ್ತದೆ. ನೋಡಿಕೊಂಡವರನ್ನು ಯಾರೂ ಕೇಳುವುದಿಲ್ಲ.

ಮಲಗಿದವರ ಕಿವಿಗೆ ಬಿದ್ದದ್ದು

ಬಾಯಿ ಮುಚ್ಚಿತ್ತು, ಕಿವಿ ತೆರೆದಿತ್ತು. ಮಲಗಿದಲ್ಲೇ ಹಕ್ಕಿಯ ಕೂಗು, ಗಾಳಿ, ಬೀದಿಯಲ್ಲಿ ಹೋಗುವವರ ದನಿ ಎಲ್ಲ ಕೇಳಿಸುತ್ತಿತ್ತು. ಅದರ ಜೊತೆಗೆ ಮಾಳವಿ ಮಾತಿನ ಪದಗಳೂ ಕೇಳಿಸುತ್ತಿದ್ದವು. ಮದುವೆಯ ಹಾಡು, ಹಬ್ಬದ ಹಾಡು, ಮಳೆಗಾಲದ ಹಾಡು, ದೇವಿಯ ಹಾಡು. ನಮ್ಮಲ್ಲಿ ಸೋಬಾನೆ, ಬೀಸುಕಲ್ಲಿನ ಪದ, ಹಂತಿಯ ಪದ ಇದ್ದಂತೆ ಅವು. ಹಾಡುವವರು ಯಾರೂ ಸಂಗೀತ ಕಲಿತವರಲ್ಲ, ಹೆಚ್ಚಿನವರು ಹೆಂಗಸರು.

ಏಕತಾರಿ ಹಿಡಿದ ನಾಥಪಂಥದ ಜೋಗಿಗಳೂ ಹಾದುಹೋಗುತ್ತಿದ್ದರು. ಅವರ ಬಾಯಲ್ಲಿ ಕಬೀರನ ನಿರ್ಗುಣ ಪದಗಳು. ನಮ್ಮ ಕಡೆಯ ತತ್ವಪದ ಕೇಳಿದವರಿಗೆ ಅದರ ರುಚಿ ಗೊತ್ತು. ಆಕಾರ ಇಲ್ಲದ ದೇವರ ಮಾತು, ಕಾಯ ನಿಲ್ಲದು ಅನ್ನುವ ಎಚ್ಚರ. ಸಾವು ಹೊಸ್ತಿಲ ಬಳಿ ಕೂತಿದ್ದಾಗ ಅದು ಬೇರೆಯೇ ರೀತಿ ತಾಗಿರಬೇಕು.

ಕುಮಾರರು ಇದನ್ನೆಲ್ಲ ಸುಮ್ಮನೆ ಹೊತ್ತು ಕಳೆಯಲು ಕೇಳಲಿಲ್ಲ. ಯಾರಿಗೂ ಕೇಳಿಸದಷ್ಟು ಸಣ್ಣಗೆ ಗುನುಗುತ್ತಿದ್ದರು. ಪದಗಳನ್ನು ಸಂಗ್ರಹಿಸಿದರು, ಸ್ವರ ಹಾಕಿ ಬರೆದಿಟ್ಟರು. ಆಗ ಅವರಿಗೆ ಒಂದು ಸಂಗತಿ ಹೊಳೆಯಿತು. ಶಾಸ್ತ್ರದ ಪ್ರಕಾರ ರಾಗ ಅನ್ನಿಸಿಕೊಳ್ಳಲು ಕಡೇಪಕ್ಷ ಐದು ಸ್ವರ ಬೇಕು. ಹಳ್ಳಿಯ ಪದಗಳು ಮೂರು ನಾಲ್ಕು ಸ್ವರಗಳಲ್ಲೇ ಮುಗಿಯುತ್ತವೆ. ಆದರೂ ಒಂದು ಪದಕ್ಕೂ ಇನ್ನೊಂದಕ್ಕೂ ಬಣ್ಣ ಬೇರೆ, ಭಾವ ಬೇರೆ. ಹಾಗಾದರೆ ರಾಗದ ಬೇರು ಗ್ರಂಥದಲ್ಲಿಲ್ಲ, ಈ ಪದಗಳಲ್ಲಿದೆ ಎಂದು ಅವರಿಗೆ ಖಾತ್ರಿಯಾಯಿತು.

ಪಂಡಿತರು ಹಳ್ಳಿ ಹಾಡನ್ನು ಹಗುರ ಎಂದು ಬದಿಗಿಟ್ಟಿದ್ದ ಕಾಲ ಅದು. ಸಭೆಯಲ್ಲಿ ಸನ್ಮಾನ ಪಡೆದಿದ್ದ ಗಾಯಕನೊಬ್ಬ ಆ ಹಾಡುಗಳ ಮುಂದೆ ಮತ್ತೆ ವಿದ್ಯಾರ್ಥಿಯಾದ.

ಹೊಲದ ಮಣ್ಣಿನಿಂದ ಬಂದ ಔಷಧಿ

1943ರಲ್ಲಿ ಅಮೆರಿಕದ ವಿಜ್ಞಾನಿಗಳು ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಕಂಡುಹಿಡಿದಿದ್ದರು. ಕ್ಷಯದ ಮೇಲೆ ನಿಜವಾಗಿ ಕೆಲಸ ಮಾಡಿದ ಮೊದಲ ಮದ್ದು ಇದೇ. ಇದನ್ನು ಕೊಡುವ ಸೂಕ್ಷ್ಮಜೀವಿ ಅವರಿಗೆ ಸಿಕ್ಕಿದ್ದು ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ, ಮತ್ತೆ ಒಂದು ಕೋಳಿಯ ಗಂಟಲಿನಲ್ಲಿ. ಕುಮಾರರಿಗೆ ಈ ಔಷಧಿ ದೊರೆತದ್ದು 1952ರ ಸುಮಾರಿಗೆ. ನಿಧಾನವಾಗಿ ಜ್ವರ ಇಳಿಯಿತು, ಮೈಗೆ ಬಲ ಬಂತು.

ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಖಯಾಲ್ ಹಾಡುವವರಿಗೆ ಉಸಿರೇ ಬಂಡವಾಳ. ಉದ್ದನೆಯ ತಾನಕ್ಕೆ, ಸ್ವರ ಹಿಡಿದು ನಿಲ್ಲುವುದಕ್ಕೆ ಎದೆ ತುಂಬ ಗಾಳಿ ಬೇಕು. ಅರ್ಧ ಉಸಿರಿನಲ್ಲಿ ಮೊದಲಿನಂತೆ ಹಾಡಲು ಆಗುವಂತಿರಲಿಲ್ಲ.

1953ರಲ್ಲಿ ಅವರು ಮತ್ತೆ ಸಭೆಯ ಮುಂದೆ ಕೂತರು. ಕೇಳಿದವರಿಗೆ ಬೇರೆಯೇ ಗಾಯಕ ಎದುರಾದಂತಾಯಿತು. ಸಣ್ಣ ಸಣ್ಣ ತುಣುಕುಗಳು. ಥಟ್ಟನೆ ಮೇಲೇರುವ ಸ್ವರ, ಮರುಗಳಿಗೆಯೇ ಪಿಸುಮಾತಿನಷ್ಟು ಮೆಲ್ಲಗೆ. ಎರಡು ತುಣುಕುಗಳ ನಡುವೆ ಮೌನ, ಆ ಮೌನದಲ್ಲಿ ತಂಬೂರಿಯ ನಾದ ಮಾತ್ರ.

ಒಂದೇ ಶ್ವಾಸಕೋಶ ಇದ್ದದ್ದಕ್ಕೆ ಹೀಗೆ ಹಾಡಿದರು ಎಂದು ಹೇಳಿ ಮುಗಿಸುವವರಿದ್ದಾರೆ. ಅಷ್ಟಕ್ಕೇ ಮುಗಿಸಿದರೆ ಪೂರ್ತಿ ಹೇಳಿದಂತಾಗುವುದಿಲ್ಲ ಎಂದು ನಮಗೆ ಅನಿಸುತ್ತದೆ. ಉಸಿರು ಕಡಿಮೆಯಾದದ್ದು ನಿಜ. ಆದರೆ ಕಡಿಮೆ ಸ್ವರದಲ್ಲಿ ಹೆಚ್ಚು ಹೇಳುವುದನ್ನು ಅವರು ಮಲಗಿದಲ್ಲಿ ವರ್ಷಗಟ್ಟಲೆ ಕೇಳಿ ಕಲಿತಿದ್ದರು. ಹಂತಿ ಹೊಡೆಯುವವನಿಗೆ, ಬೀಸುವವಳಿಗೆ ಉದ್ದ ಉಸಿರಿನ ಆಲಾಪಕ್ಕೆ ಎಲ್ಲಿಯ ಪುರುಸೊತ್ತು? ಕೆಲಸದ ಏಟಿಗೆ ಸರಿಯಾಗಿ ಸಣ್ಣ ಸಾಲು, ಮತ್ತೆ ಉಸಿರು, ಮತ್ತೆ ಸಾಲು. ರೋಗ ಕಿತ್ತುಕೊಂಡ ಜಾಗವನ್ನು ಹಳ್ಳಿಯ ಹಾಡು ತುಂಬಿತ್ತು.

ಪದದಿಂದ ಹುಟ್ಟಿದ ರಾಗಗಳು

ಹಳ್ಳಿ ಧಾಟಿಯಿಂದ ಹುಟ್ಟಿದ ರಾಗಗಳಿಗೆ ಅವರು 'ಧುನ್ ಉಗಮ್ ರಾಗ' ಎಂದು ಹೆಸರಿಟ್ಟರು. ಧುನ್ ಅಂದರೆ ಧಾಟಿ. ಧಾಟಿಯಲ್ಲಿ ಉಗಮವಾದ ರಾಗ ಎಂದು ಅರ್ಥ. ಮಾಲವತಿ, ಸಂಜಾರಿ, ಲಗನಗಾಂಧಾರ, ಸಹೇಲಿ ತೋಡಿ, ಮಧಸುರ್ಜಾ ಹೀಗೆ ಬಂದವು. ಮಧಸುರ್ಜಾದಲ್ಲಿ ಅವರು ಕಟ್ಟಿದ ಹಾಡು ದೇವಿಗೆ ಬಲಿ ಕೊಡಲು ಒಯ್ಯುವ ಆಡಿನ ಮೊರೆ. ಜಾತ್ರೆಯಲ್ಲಿ ಅಂಥ ಕೂಗು ಕೇಳಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಅದು ರಾಗವಾಗಬಹುದು ಎಂದು ಕಂಡದ್ದು ಅವರ ಕಣ್ಣಿಗೆ.

ಇದನ್ನು ಎಲ್ಲರೂ ಒಪ್ಪಲಿಲ್ಲ. ಘರಾಣೆಯ ಶಿಸ್ತು ಮುರಿದ ಎಂದು ಹಲವರು ಟೀಕಿಸಿದರು. ಕುಮಾರರು ದಾರಿ ಬಿಡಲಿಲ್ಲ. ಮಾಳವದ ಹಳ್ಳಿ ಪದಗಳನ್ನೇ ಸಭೆಗೆ ತಂದು ಪೂರ್ತಿ ಕಾರ್ಯಕ್ರಮ ಕೊಟ್ಟರು. ಜೋಗಿಗಳ ನಿರ್ಗುಣ ಪದಗಳನ್ನು ಶಾಸ್ತ್ರೀಯ ಸಂಗೀತದ ವೇದಿಕೆಗೆ ತಂದರು. ಇವತ್ತು ಕಬೀರ ಎಂದ ಕೂಡಲೇ ಎಷ್ಟೋ ಜನರ ಕಿವಿಯಲ್ಲಿ ಬರುವುದು ಸುಳೇಭಾವಿಯ ಈ ಕನ್ನಡಿಗರ ದನಿ.

1961

ಬದುಕು ಒಂದು ದಾರಿಗೆ ಬಂತು ಅನ್ನುವಾಗ ಇನ್ನೊಂದು ಏಟು ಬಿತ್ತು. 1961ರಲ್ಲಿ ಎರಡನೆಯ ಹೆರಿಗೆಯ ಸಮಯದಲ್ಲಿ ಭಾನುಮತಿ ತೀರಿಕೊಂಡರು. ಹಿರಿಯ ಮಗ ಮುಕುಲ್‌ಗೆ ಆಗ ಐದು ವರ್ಷ. ಇನ್ನೊಂದು ಆಗಷ್ಟೇ ಹುಟ್ಟಿದ ಕೂಸು.

ಸಾವಿನ ಬಾಯಿಂದ ಗಂಡನನ್ನು ಎಳೆದು ತಂದವರು ತಾವೇ ಹೋಗಿಬಿಟ್ಟರು. ಮೊದಲ ಸಲ ಹಾಡು ನಿಂತಾಗ ತಲೆಯ ಬಳಿ ಭಾನುಮತಿ ಇದ್ದರು. ಈ ಸಲ ಅವರೇ ಇರಲಿಲ್ಲ. ಮರುವರ್ಷ ಕುಮಾರರು ಗಾಯಕಿ ವಸುಂಧರಾ ಅವರನ್ನು ಮದುವೆಯಾದರು. ವಸುಂಧರಾ ಮನೆ, ಮಕ್ಕಳ ಜೊತೆಗೆ ವೇದಿಕೆಯಲ್ಲೂ ಜೊತೆಯಾಗಿ ಹಾಡಿದರು. 1965ರಲ್ಲಿ ಕುಮಾರರ ರಚನೆಗಳ 'ಅನೂಪರಾಗವಿಲಾಸ' ಪುಸ್ತಕ ಹೊರಬಂತು. ಹಾಸಿಗೆಯಲ್ಲಿ ಮೊಳಕೆಯೊಡೆದ ಎಷ್ಟೋ ಯೋಚನೆಗಳು ಅದರಲ್ಲಿ ಅಚ್ಚಾದವು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು.

ಗುಣವಾದ ಮೇಲೂ ಅವರು ಮುಂಬಯಿಗೆ ಮರಳಿ ಹೋಗಿ ನೆಲೆಸಲಿಲ್ಲ. ಟೇಕರಿಯ ಬುಡದಲ್ಲೇ ಉಳಿದರು. 1992ರ ಜನವರಿ 12ರಂದು ದೇವಾಸ್‌ನಲ್ಲೇ ತೀರಿಕೊಂಡರು. ಅವರ ಮನೆಯ ಹೆಸರು 'ಭಾನುಕುಲ'. ಭಾನುಮತಿಯ ಹೆಸರು ಆ ಬಾಗಿಲ ಮೇಲೆ ಉಳಿದಿದೆ.

ಉಳಿದ ಋಣ

ಹೆಂಡತಿಯ ಋಣಕ್ಕೆ ಮನೆಯ ಹೆಸರಾದರೂ ಸಾಕ್ಷಿ ಇದೆ. ಮಾಳವದ ಆ ಹೆಂಗಸರ ಋಣಕ್ಕೆ ಏನಿದೆ? ಅವರ ಧಾಟಿ ರಾಗವಾಯಿತು, ಪುಸ್ತಕವಾಯಿತು. ದನಿ ಯಾರದು, ಯಾವ ಊರಿನವರು ಅನ್ನುವುದು ಉಳಿಯಲಿಲ್ಲ. ಬೀದಿಯಲ್ಲಿ ಹಾಡುತ್ತ ಹೋದವರಿಗೆ, ಒಳಗೆ ಮಲಗಿದ ರೋಗಿಯೊಬ್ಬ ತಮ್ಮಿಂದ ಕಲಿಯುತ್ತಿದ್ದಾನೆ ಎಂಬ ಸುಳಿವೂ ಇರಲಿಕ್ಕಿಲ್ಲ.

ನಮ್ಮ ಊರುಗಳಲ್ಲಿ ಬೀಸುಕಲ್ಲು ಮೂಲೆ ಸೇರಿದೆ, ಹಂತಿ ಹೋಗಿ ಮಷೀನು ಬಂದಿದೆ. ಕೆಲಸ ಹೋದ ಹಾಗೆ ಅದರ ಪದವೂ ಹೋಗುತ್ತಿದೆ. ಈಗಲೂ ಹಾಡಬಲ್ಲ ಅಜ್ಜಿಯರು ಅಲ್ಲಲ್ಲಿ ಇದ್ದಾರೆ. ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲಿ ಫೋನಿದೆ. ಅವರು ಒಪ್ಪಿದರೆ ಹಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. ಹಾಡಿನ ಜೊತೆಗೆ ಹಾಡಿದವರ ಹೆಸರು, ಊರು, ಯಾವ ಕೆಲಸಕ್ಕೆ ಹಾಡುತ್ತಿದ್ದರು ಎಂಬುದನ್ನೂ ಮರೆಯದೆ ಬರೆದಿಡಿ.